ಸೊಂಟ ನೋವು ಇಟ್ಕೊಂಡು ಓಡೋಕೆ ಶುರು ಮಾಡೋದು ಹೇಗೆ

ಮೊದಲ್ನೇ ಸಲ ಓಡೋಕೆ ಹೋದಾಗ ನಾನು ಮಾಡಿದ ಎಡವಟ್ಟನ್ನ ಮೊದಲು ಹೇಳ್ಬಿಡ್ತೀನಿ. ಎರಡು ವರ್ಷದಿಂದ ಬಂದು ಹೋಗಿ ಮಾಡ್ತಿದ್ದ ಸೊಂಟ ನೋವು ಒಂದು ವಾರ ಸುಮ್ನಿತ್ತು, ಇದೇ ಟೈಮು ಅಂತ ಶೂ ಹಾಕ್ಕೊಂಡು ಒಂದೇ ಸಮ 20 ನಿಮಿಷ ಓಡ್ಬಿಟ್ಟೆ. ಓಡುವಾಗ ಸೊಂಟ ಕಮಕ್ ಕಿಮಕ್ ಅನ್ಲಿಲ್ಲ, ನೋವೇ ಹೋಯ್ತು ಅಂತ ಖುಷಿಯಾಗಿ ಮಲಗ್ದೆ. ಬೆಳಿಗ್ಗೆ ಎದ್ದು ಕೂರೋಕೆ ಗೋಡೆ ಹಿಡಿಬೇಕಾಯ್ತು, ಸಾಕ್ಸ್ ಹಾಕೋಕೆ ಬಗ್ಗೋಕೆ ಆಗ್ದೆ ಮೂರು ದಿನ ಬರಿಗಾಲಲ್ಲೇ ಇದ್ದೆ.

ಆಗ ಗೊತ್ತಾಗಿದ್ದು ಒಂದೇ ವಿಷ್ಯ. ಓಡುವಾಗ ಮೈ ಬಿಸಿಯಾಗಿರುತ್ತೆ, ಸೊಂಟ ತಕರಾರು ಎತ್ತಲ್ಲ, ಅದು ಲೆಕ್ಕ ಕೇಳೋದು ಮಾರನೇ ದಿನ ಬೆಳಿಗ್ಗೆ. ಹಾಗಾಗಿ ಈಗ ನಾನು ಎಷ್ಟು ಓಡ್ಬೇಕು ಅನ್ನೋದನ್ನ ವಾಚ್ ನೋಡಿ ಡಿಸೈಡ್ ಮಾಡಲ್ಲ, ಸಾಕ್ಸ್ ನೋಡಿ ಮಾಡ್ತೀನಿ. ಹೇಗೆ ಅಂತ ಮುಂದೆ ಹೇಳ್ತೀನಿ.

ಅದಕ್ಕಿಂತ ಮುಂಚೆ, ಈಗ ಓಡಲೇಬಾರದವರು ಯಾರು ಅಂತ ನೋಡ್ಬಿಡೋಣ. ಕೂತಾಗ ಸೀಟಿಗೆ ತಾಗೋ ಜಾಗ, ತೊಡೆ ಸಂದು, ಗುಪ್ತಾಂಗದ ಸುತ್ತ ಮರಗಟ್ಟಿದ ಹಾಗಿದ್ರೆ, ಮೂತ್ರ ಕಟ್ಕೊಂಡ್ರೆ, ಇಲ್ಲಾ ಮೂತ್ರ ಮಲದ ಮೇಲೆ ಹಿಡಿತ ತಪ್ಪಿದ್ರೆ ಓಟದ ಮಾತು ಬಿಡಿ, ಆ ಕ್ಷಣಾನೇ ಎಮರ್ಜೆನ್ಸಿಗೆ ಹೋಗಿ, ಬೆನ್ನುಮೂಳೆಯ ಕೆಳಗಿನ ನರಗಳ ಕಟ್ಟು ಒತ್ತಿಕೊಂಡಿರಬಹುದು, ಅಲ್ಲಿ ಗಂಟೆ ಗಂಟೆಗೂ ಲೆಕ್ಕ ಇರುತ್ತೆ. ಪಾದ ಎತ್ತೋಕೆ ಬರ್ತಿಲ್ಲ, ನಡೆಯುವಾಗ ಕಾಲ್ಬೆರಳು ನೆಲಕ್ಕೆ ಉಜ್ಜುತ್ತೆ ಅಂದ್ರೂ ತಡ ಮಾಡ್ಬೇಡಿ. ನೋವಿನ ಜೊತೆ ಜ್ವರ, ಕಾರಣ ಇಲ್ದೆ ತೂಕ ಇಳಿಯೋದು, ಹಿಂದೆ ಕ್ಯಾನ್ಸರ್ ಆಗಿದ್ದು, ಜೋರಾಗಿ ಬಿದ್ದಿದ್ದು, ಮೂಳೆ ಸವೆತ, ತುಂಬಾ ದಿನ ಸ್ಟಿರಾಯ್ಡ್ ತಗೊಂಡಿದ್ದು, ಮಲಗಿದ್ರೂ ಬಿಡದ ರಾತ್ರಿ ನೋವು, ಇದರಲ್ಲಿ ಯಾವುದಿದ್ರೂ ಮೊದಲು ಡಾಕ್ಟರ್, ಆಮೇಲೆ ಶೂ.

ಇದ್ಯಾವುದೂ ಇಲ್ಲ ಅಂದ್ರೆ ನಿಮ್ಮದು ಬಹುಶಃ ಎಲ್ಲರ ಹಾಗಿನ ಸೊಂಟ ನೋವೇ, ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸೋಕೆ ಆಗದ ಜಾತಿ, ಹೆಚ್ಚಿನವರದ್ದು ಇದೇ. ಸ್ಕ್ಯಾನ್‌ನಲ್ಲಿ ಡಿಸ್ಕ್ ಬಲ್ಜ್, ಅಂದ್ರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಹೊರಗೆ ಉಬ್ಬಿದೆ ಅಂತ ಬರೆದಿದ್ರೆ ಆ ಕಾಗದ ನೋಡಿ ನೋಡಿ ಹೆದರ್ಬೇಡಿ. ನೋವೇ ಇಲ್ಲದವರ ಸ್ಕ್ಯಾನ್‌ಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಒಂದು ವಿಮರ್ಶೆ ಬಂತು, ಅದರ ಪ್ರಕಾರ 20 ವರ್ಷದವರಲ್ಲೇ ನೂರಕ್ಕೆ 30 ಜನರಿಗೆ ಬಲ್ಜ್ ಇತ್ತು, 80 ವರ್ಷದವರಲ್ಲಿ ನೂರಕ್ಕೆ 84. ಯಾರಿಗೂ ನೋವಿರಲಿಲ್ಲ ನೆನಪಿರಲಿ. ನಾನಂತೂ ನನ್ನ ರಿಪೋರ್ಟನ್ನ ಒಂದು ವರ್ಷ ಜಾತಕದ ಹಾಗೆ ಓದಿದ್ದೆ.

ಓಡಿದ್ರೆ ಡಿಸ್ಕ್ ಸವೆಯುತ್ತೆ ಅನ್ನೋ ಮಾತು ಎಲ್ಲರ ಬಾಯಲ್ಲೂ ಇದೆ. ದೊಡ್ಡವರ ಡಿಸ್ಕ್‌ಗೆ ತನ್ನದೇ ರಕ್ತದ ಸಪ್ಲೈ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಅಕ್ಕಪಕ್ಕದ ಮೂಳೆಯಿಂದ ಒಸರಿ ಬರೋದೇ ಅದರ ಊಟ, ಸ್ಪಂಜು ಅದುಮಿ ಬಿಟ್ಟ ಹಾಗೆ ಭಾರ ಬಿದ್ದು ಹೋಗ್ತಾ ಇದ್ರೆ ಒಳಗೆ ನೀರಾಡುತ್ತೆ. ಆಸ್ಟ್ರೇಲಿಯಾದ ಡೀಕಿನ್ ಯೂನಿವರ್ಸಿಟಿಯವರು 79 ಜನರ ಬೆನ್ನು ಸ್ಕ್ಯಾನ್ ಮಾಡಿ ನೋಡಿದ್ದನ್ನ 2017ರಲ್ಲಿ ಪ್ರಕಟಿಸಿದ್ರು, ವರ್ಷಗಳಿಂದ ಓಡ್ತಿದ್ದವರ ಡಿಸ್ಕ್‌ನಲ್ಲಿ ಓಡದೇ ಇದ್ದವರಿಗಿಂತ ನೀರಿನ ಅಂಶ ಜಾಸ್ತಿ ಇತ್ತು. ನಂಗೆ ಅದಕ್ಕಿಂತ ಇಷ್ಟ ಆಗಿದ್ದು ಇನ್ನೊಂದು ವಿಷ್ಯ, ಡಿಸ್ಕ್‌ಗೆ ಚೆನ್ನಾಗಿ ಹೊಂದಿದ್ದು ಜೋರು ಓಟ ಅಲ್ಲ, ಬಿರುಸು ನಡಿಗೆ ಮತ್ತು ನಿಧಾನ ಓಟ, ಸೆಕೆಂಡಿಗೆ ಸುಮಾರು 2 ಮೀಟರ್, ಅಂದ್ರೆ ಒಂದು ಕಿಲೋಮೀಟರ್‌ಗೆ 8 ನಿಮಿಷದ ಮೇಲೆ. ಹಾಗಂತ ಓಡಿದ್ರೆ ನೋವು ಹೋಗುತ್ತೆ ಅಂತ ಆ ಸ್ಟಡಿ ಹೇಳಲ್ಲ, ನೋವಿದ್ದವರ ಮೇಲೆ ಮಾಡಿದ್ದೂ ಅಲ್ಲ. ಓಟ ಡಿಸ್ಕ್‌ಗೆ ಶತ್ರು ಅಲ್ಲ, ಆತುರ ಶತ್ರು, ನಾನು ಅರ್ಥ ಮಾಡ್ಕೊಂಡಿದ್ದು ಇಷ್ಟೇ.

ಸರಿ, ಶುರು ಎಲ್ಲಿಂದ? ನಡಿಗೆಯಿಂದ. ಬೋರ್ ಅನ್ಸುತ್ತೆ, ಗೊತ್ತು. 2024ರಲ್ಲಿ ಆಸ್ಟ್ರೇಲಿಯಾದಲ್ಲೇ ಆಗ ತಾನೇ ಸೊಂಟ ನೋವಿಂದ ಚೇತರಿಸಿಕೊಂಡ 701 ಜನರ ಮೇಲೆ ಮಾಡಿದ ಒಂದು ಟ್ರಯಲ್‌ನ ಫಲಿತಾಂಶ ಬಂತು, ಫಿಸಿಯೋ ಹೇಳ್ಕೊಟ್ಟ ಹಾಗೆ ನಡೀತಾ ಹೋದವರಿಗೆ ನೋವು ವಾಪಸ್ ಬರೋಕೆ ಮಧ್ಯಮ ಲೆಕ್ಕದಲ್ಲಿ 208 ದಿನ ಹಿಡೀತು, ಏನೂ ಮಾಡದೇ ಇದ್ದವರಿಗೆ 112 ದಿನ. ಹಾಗಾಗಿ ವಾರಕ್ಕೆ ನಾಲ್ಕೈದು ದಿನ, 30 ನಿಮಿಷ ಬಿರುಸಾಗಿ ನಡೆದು ಮಾರನೇ ದಿನ ಏನೂ ತೊಂದರೆ ಇಲ್ಲ ಅನ್ನೋ ಮಟ್ಟಕ್ಕೆ ಬರೋ ತನಕ ಓಡ್ಬೇಡಿ. ಕೆಲವರಿಗೆ ಎರಡು ವಾರ ಸಾಕು, ನಂಗೆ ಏಳು ವಾರ ಬೇಕಾಯ್ತು, ಮುಜುಗರ ಏನಿಲ್ಲ.

ನಡಿಗೆಯ ಜೊತೆಗೇ ಸ್ವಲ್ಪ ಕಸರತ್ತು ಶುರು ಮಾಡಿ. ಓಡುವಾಗ ಒಂದೊಂದು ಹೆಜ್ಜೆಗೂ ನೆಲದಿಂದ ವಾಪಸ್ ಬರೋ ಹೊಡೆತ ನಿಮ್ಮ ತೂಕದ ಎರಡರಿಂದ ಮೂರು ಪಟ್ಟು, ಅದೂ ಒಂಟಿ ಕಾಲಿನ ಮೇಲೆ, ಅದನ್ನ ಮೀನಖಂಡ, ತೊಡೆ, ಕುಂಡಿ ಸ್ನಾಯುಗಳು ತಡ್ಕೊಳ್ಳಲಿಲ್ಲ ಅಂದ್ರೆ ಸೊಂಟದ ಪಾಲಿಗೆ ಬರುತ್ತೆ. ಬೆನ್ನಿನ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಅವರ ಮೂರು ವ್ಯಾಯಾಮ ಫೇಮಸ್ಸು. ಒಂದು, ಅಂಬೆಗಾಲಲ್ಲಿ ನಿಂತು ಬಲಗೈ ಮುಂದೆ ಎಡಗಾಲು ಹಿಂದೆ ಚಾಚಿ ಹಿಡಿಯೋದು, ಆಮೇಲೆ ಬದಲಿಸೋದು, ಸೊಂಟದ ಮೇಲೆ ನೀರಿನ ಲೋಟ ಇಟ್ಟಿದೀರಿ ಅನ್ಕೊಂಡು ಮಾಡಿ, ಲೋಟ ಬೀಳಬಾರದು. ಎರಡು, ಸೈಡ್ ಪ್ಲ್ಯಾಂಕ್, ಅಂದ್ರೆ ಮಗ್ಗುಲಿಗೆ ಮಲಗಿ ಮೊಣಕೈ ಊರಿ ಮೈ ಎತ್ತಿ ಹಿಡಿಯೋದು, ಆಗಲ್ಲ ಅಂದ್ರೆ ಮಂಡಿ ಊರಿಕೊಂಡೇ ಮಾಡಿ. ಮೂರು, ಅಂಗಾತ ಮಲಗಿ ಒಂದು ಮಂಡಿ ಮಡಚಿ, ಕೈ ಸೊಂಟದ ಕೆಳಗಿಟ್ಟು, ತಲೆ ಭುಜ ಸ್ವಲ್ಪವೇ ಎತ್ತೋದು, ಪೂರ್ತಿ ಎದ್ದು ಕೂರೋದಲ್ಲ. ಒಂದೊಂದೂ 10 ಸೆಕೆಂಡ್ ಹಿಡಿದು ಬಿಡೋದು, ನಿಮಿಷಗಟ್ಟಲೆ ಹಿಡಿದು ನಡುಗೋದು ಬೇಡ. ಇದರ ಮೇಲೆ ನಾನು ಬ್ರಿಡ್ಜ್ (ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತೋದು), ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತೋದು ಎರಡನ್ನೂ ಸೇರಿಸ್ತೀನಿ. ವಾರಕ್ಕೆ ಮೂರು ದಿನ, 15 ನಿಮಿಷ.

ಈಗ ಓಟ. 1996ರಲ್ಲಿ ಜೋಶ್ ಕ್ಲಾರ್ಕ್ ಅನ್ನೋ ಅಮೆರಿಕದವರು ಮಾಡಿದ ಕೌಚ್ ಟು 5ಕೆ (ಸೋಫಾದಿಂದ ಎದ್ದು 5 ಕಿಲೋಮೀಟರ್ ಓಟದ ತನಕ) ಅನ್ನೋ 9 ವಾರದ ಪ್ಲ್ಯಾನ್ ನೀವು ಕೇಳಿರ್ತೀರಿ, ಅದರ ಮೊದಲ್ನೇ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಒಳ್ಳೇ ಪ್ಲ್ಯಾನೇ, ಆದ್ರೆ ನೋವಿರೋ ಸೊಂಟಕ್ಕೆ ಸ್ವಲ್ಪ ಅವಸರದ್ದು ಅಂತ ನನ್ನ ಅಭಿಪ್ರಾಯ. ನಾನು ಮಾಡಿದ್ದು ಹೀಗೆ. ಮೊದಲು 10 ನಿಮಿಷ ನಡಿಗೆ, ಆಮೇಲೆ 30 ಸೆಕೆಂಡ್ ಜಾಗ್, 2 ನಿಮಿಷ ನಡಿಗೆ, ಇದು ಎಂಟು ಸಲ, ಒಟ್ಟು ಓಡಿದ್ದು 4 ನಿಮಿಷ ಅಷ್ಟೇ. ಇನ್ನೂ ಓಡ್ಬಹುದಿತ್ತಲ್ಲ ಅನ್ನೋವಾಗ ನಿಲ್ಲಿಸಿ ಮನೆಗೆ ಹೋಗಿ. ಎರಡು ವಾರ ಆದ್ಮೇಲೆ 1 ನಿಮಿಷ ಓಟ 2 ನಿಮಿಷ ನಡಿಗೆ, ಆಮೇಲೆ 2 ಮತ್ತು 2, ಆಮೇಲೆ 3 ಮತ್ತು 1, ಹೀಗೆ ಒಂದೊಂದು ಮೆಟ್ಟಿಲಲ್ಲೂ ಕನಿಷ್ಠ ಎರಡು ವಾರ ನಿಲ್ಲಿ. ವಾರಕ್ಕೆ ಮೂರೇ ದಿನ, ಎರಡು ದಿನ ಬೆನ್ನು ಬೆನ್ನಿಗೆ ಓಡ್ಬೇಡಿ. ಟೈಮನ್ನೂ ಸ್ಪೀಡನ್ನೂ ಒಟ್ಟಿಗೆ ಏರಿಸ್ಬೇಡಿ, ಸ್ಪೀಡನ್ನ ಮೊದಲ ಕೆಲವು ತಿಂಗಳು ಮರೆತೇ ಬಿಡಿ, ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗ್ಬೇಕು, ಅದೇ ನಿಮ್ಮ ಸ್ಪೀಡು.

ಓಡೋ ರೀತಿ ಬಗ್ಗೆ ಜನ ಪುರಾಣ ಹೇಳ್ತಾರೆ, ನಂಗೆ ಉಪಯೋಗಕ್ಕೆ ಬಂದಿದ್ದು ದಾಪುಗಾಲು ಹಾಕದೇ ಇರೋದು. ಪಾದ ಮೈಯಿಂದ ತುಂಬಾ ಮುಂದೆ ಹೋಗಿ ಬಿದ್ರೆ ಬ್ರೇಕ್ ಹಾಕಿದ ಹಾಗಾಗುತ್ತೆ. ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತೆ ಅಂತ ಎಣಿಸಿ, ಅದೇ ಸ್ಪೀಡಲ್ಲಿ ನೂರಕ್ಕೆ ಐದರಷ್ಟು ಜಾಸ್ತಿ ಮಾಡಿ, 150 ಇದ್ರೆ 157, 158 ಹಾಗೆ, ಹೆಜ್ಜೆ ತಾನಾಗೇ ಗಿಡ್ಡ ಆಗುತ್ತೆ, ಮಂಡಿ ಮತ್ತು ಚಪ್ಪೆ ಮೇಲಿನ ಭಾರಾನೂ ಇಳಿಯುತ್ತೆ. ಇನ್ನೊಂದು, ನೋವಿನ ಭಯಕ್ಕೆ ಹೊಟ್ಟೆ ಬಿಗಿ ಹಿಡಿದು, ಬೆನ್ನಿಗೆ ಕೋಲು ಕಟ್ಟಿದ ಹಾಗೆ ಸೆಟೆದು ಓಡ್ಬೇಡಿ. ಉಸಿರು ಬಿಡಿ, ಕೈ ಬೀಸಿ, ಮೈ ಸ್ವಲ್ಪ ತಿರುಗಲಿ. ಇಳಿಜಾರಿನಲ್ಲಿ ಮೊದಮೊದಲು ನಡೀರಿ, ರಸ್ತೆ ಒಂದು ಕಡೆ ವಾಲಿದ್ರೆ ಹೋಗ್ತಾ ಬರ್ತಾ ಬದಿ ಬದಲಿಸಿ.

ಶೂ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹಾಕ್ಕೊಂಡಾಗ ಹಿತ ಅನ್ನಿಸಬೇಕು, ಬೆರಳಿಗೆ ಜಾಗ ಇರಬೇಕು, ಸೊಂಟ ನೋವು ವಾಸಿ ಮಾಡೋ ಶೂ ಅಂತ ಯಾವುದೂ ಇಲ್ಲ.

ಎದ್ದ ತಕ್ಷಣ ಓಡ್ಬೇಡಿ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಊದಿರುತ್ತೆ, ಅದಕ್ಕೇ ಬೆಳಿಗ್ಗೆ ನಾವು ಒಂದೆರಡು ಸೆಂಟಿಮೀಟರ್ ಉದ್ದ ಇರ್ತೀವಿ, ಅದಕ್ಕೇ ಬೆಳಿಗ್ಗೆ ಸೊಂಟ ಅಷ್ಟು ಬಿಗಿ. ಒಂದು ಗಂಟೆನಾದ್ರೂ ಓಡಾಡ್ಕೊಂಡಿದ್ದು ಆಮೇಲೆ ಹೊರಡಿ. ಆ ಟೈಮಲ್ಲಿ ಬಗ್ಗಿ ಕಾಲ್ಬೆರಳು ಮುಟ್ಟೋ ಸ್ಟ್ರೆಚ್ ಅಂತೂ ಬೇಡವೇ ಬೇಡ. ಓಡಿ ಬಂದವರು ನೇರ ಹೋಗಿ ಕುರ್ಚಿಯಲ್ಲಿ ಎರಡು ಗಂಟೆ ಕೂರ್ಬೇಡಿ, ನನ್ನ ಸೊಂಟ ಹಿಡ್ಕೊಳ್ತಿದ್ದಿದ್ದು ಅರ್ಧ ಸಲ ಓಟದಿಂದಲ್ಲ, ಓಟ ಆದ್ಮೇಲೆ ಕೂತಿದ್ರಿಂದ.

ಈಗ ಸಾಕ್ಸ್ ವಿಷ್ಯ. ಓಡದ ದಿನಗಳಲ್ಲಿ ಬೆಳಿಗ್ಗೆ ಎದ್ದು ಅರ್ಧ ಗಂಟೆ ಬಿಟ್ಟು, ಕುರ್ಚಿ ಮೇಲೆ ಕೂತು ಸಾಕ್ಸ್ ಹಾಕ್ಕೊಳ್ಳಿ, ನೋವು 10ಕ್ಕೆ ಎಷ್ಟು ಅಂತ ಒಂದು ನಂಬರ್ ಬರೆದಿಡಿ. ನಂದು ಮಾಮೂಲಿ 2 ಇರ್ತಿತ್ತು. ಓಡಿದ ಮಾರನೇ ದಿನವೂ ಅಷ್ಟೇ ಇದ್ರೆ ಮುಂದಿನ ಸಲ ಅದನ್ನೇ ಮಾಡಿ, ಒಂದೇ ಒಂದು ಪಾಯಿಂಟ್ ಏರಿ ಸಂಜೆಯೊಳಗೆ ಇಳಿದ್ರೂ ಪರವಾಗಿಲ್ಲ. ಎರಡು ಏರಿದ್ರೆ ಇಲ್ಲಾ 24 ಗಂಟೆ ಆದ್ರೂ ಇಳಿಯದಿದ್ರೆ ಅವತ್ತು ಓಡಿದ್ದು ಜಾಸ್ತಿ ಆಯ್ತು ಅಂತ ಅರ್ಥ, ಓಡುವಾಗ ಎಷ್ಟೇ ಆರಾಮಾಗಿದ್ರೂ ಸರಿ, ಹಿಂದಿನ ಮೆಟ್ಟಿಲಿಗೆ ಹೋಗಿ. ಓಡ್ತಾ ಇರುವಾಗಲೇ ನೋವು 3 ದಾಟಿ ಏರ್ತಾ ಹೋದ್ರೆ ನಡಿಗೆಗೆ ಬನ್ನಿ. ಕಾಲಿಗೆ ಸೆಳೆತ ಇರೋರು ಇನ್ನೊಂದು ನೋಡ್ಬೇಕು, ನೋವು ಮೀನಖಂಡದಿಂದ ಮೇಲೆ ಸೊಂಟದ ಕಡೆ ಸರಿದ್ರೆ ಸಾಮಾನ್ಯವಾಗಿ ಒಳ್ಳೇ ಲಕ್ಷಣ, ಸೊಂಟದಿಂದ ಕಾಲಿಗೆ ಇಳೀತಾ ಹೋದ್ರೆ ನಿಲ್ಲಿಸಿ, ಫಿಸಿಯೋಗೆ ತೋರಿಸಿ.

ನೋವಿನ ಮಾತ್ರೆ ನುಂಗಿ ಮಾತ್ರ ಓಡ್ಬೇಡಿ. ಸೊಂಟ ಹೇಳೋದು ಕೇಳಿಸಲ್ಲ, ಮೇಲಾಗಿ ಐಬುಪ್ರೊಫೆನ್ ಥರದ್ದು ಬೆವರಿ ನೀರು ಕಮ್ಮಿಯಾದ ಮೈಯಲ್ಲಿ ಕಿಡ್ನಿಗೂ ಹೊರೆ.

ಎಷ್ಟೇ ಹುಷಾರಾಗಿದ್ರೂ ಒಂದಲ್ಲ ಒಂದು ದಿನ ಸೊಂಟ ಹಿಡ್ಕೊಳ್ಳುತ್ತೆ, ಓಡಿದ್ರಿಂದ ಅಲ್ಲದಿದ್ರೆ ಬಕೆಟ್ ಎತ್ತಿದ್ರಿಂದ ಇಲ್ಲಾ ಸೀನಿದ್ರಿಂದ. ಆಗ ಹಾಸಿಗೆ ಹಿಡಿದು ಮಲಗ್ಬೇಡಿ, ಮನೆಯೊಳಗೇ ಐದೈದು ನಿಮಿಷ ಓಡಾಡಿ, ಸಾಕ್ಸ್ ನಂಬರ್ ಮಾಮೂಲಿಗೆ ಬಂದು ಮೂರು ದಿನ ಅಲ್ಲೇ ನಿಂತ್ರೆ 30 ನಿಮಿಷದ ನಡಿಗೆ, ಅದೂ ಸಲೀಸಾದ್ರೆ ಎಲ್ಲಿ ಬಿಟ್ಟಿದ್ರೋ ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿಂದ ಓಟ. ನಂಗೆ ಹೀಗೆ ಎರಡು ಸಲ ಆಯ್ತು, 9 ವಾರದ್ದು 26 ವಾರ ಆಯ್ತು, ಈಗ 30 ನಿಮಿಷ ನಿಲ್ಲಿಸದೆ ಓಡ್ತೀನಿ, ಬೆಳಗಿನ ನಂಬರ್ ಇನ್ನೂ 1 ಇದೆ.