ಮುಸ್ಸಂಜೆ ದೀಪ, ಮಧೂರಿನ ಅಪ್ಪ

ಬೆಳಗ್ಗಿನ ಪೂಜೆ ನನ್ನದು, ಮುಸ್ಸಂಜೆಯ ದೀಪ ಹೆಂಡತಿಯದು. ಕಾಸರಗೋಡಿನ ನೀರ್ಚಾಲು ಹತ್ತಿರದ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹಾಗೇ. ಅವಳು ತೀರಿಹೋಗಿ, ಬೊಜ್ಜದ ಕ್ರಿಯೆಗಳೆಲ್ಲ ಮುಗಿದು ನೆಂಟರೆಲ್ಲ ಹೊರಟ ದಿನ, ಬತ್ತಿಯ ಡಬ್ಬ ಎಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಹುಡುಕಲೂ ಇಲ್ಲ. ಕತ್ತಲಲ್ಲೇ ಕೂತೆ.

ಸಿಟ್ಟೂ ಇತ್ತು. ಅವಳು ಆಸ್ಪತ್ರೆಯಲ್ಲಿದ್ದಾಗ ಮಧೂರು ಗಣಪತಿಗೆ ಅಪ್ಪ ಎಂಬ ಸಿಹಿ ಕಜ್ಜಾಯದ ಹರಕೆ ಹೇಳಿದ್ದೆ. ಅವಳು ಉಳಿಯಲಿಲ್ಲ. ಇನ್ನೆಂಥ ಹರಕೆ?

ಹಗಲು ಹೇಗೋ ಕಳೆಯುತ್ತಿತ್ತು. ಅಡಿಕೆ ಹೆಕ್ಕುವುದು, ದನಕ್ಕೆ ಹುಲ್ಲು ತರುವುದು. ಕಷ್ಟ ಅಂದರೆ ಆರರಿಂದ ಏಳೂವರೆ. ವಿಷ್ಣುಸಹಸ್ರನಾಮ ಹೇಳಿ ನೋಡಿದೆ. ಐವತ್ತು ವರ್ಷದ ಅಭ್ಯಾಸ, ಬಾಯಿ ಅದರಷ್ಟಕ್ಕೆ ಹೇಳುತ್ತದೆ, ಮನಸ್ಸು ಆಸ್ಪತ್ರೆಯ ವರಾಂಡದಲ್ಲೇ ಇರುತ್ತದೆ. ಭಜನಾ ಮಂದಿರಕ್ಕೂ ಹೋದೆ. ತಾಳ ಹಾಕುವಷ್ಟು ಹೊತ್ತು ಚೆನ್ನಾಗಿತ್ತು. ಮನೆಗೆ ಬಂದು ಬೀಗ ತೆಗೆಯುವಾಗ ಮತ್ತೆ ಅದೇ.

ಒಂದು ಸಂಜೆ ಅಂತೂ ಡಬ್ಬ ಸಿಕ್ಕಿತು, ಕಾಫಿಪುಡಿಯ ಹಿಂದೆ. ಅವಳು ಹೊಸೆದಿಟ್ಟ ಬತ್ತಿ ಇನ್ನೂ ಇತ್ತು. ಎಣ್ಣೆ ಜಾಸ್ತಿ ಸುರಿದೆ. ಬತ್ತಿ ಮುಳುಗಿ ಎರಡು ಸಲ ಆರಿತು, ಮೂರನೇ ಸಲ ಹೊತ್ತಿಕೊಂಡಿತು. ಬಾಯಿಗೆ ಮಂತ್ರ ಯಾವುದೂ ಬರಲಿಲ್ಲ. "ಇಂದು ಇಡೀ ಮಳೆ. ಅಡಕ್ಕೆ ಒಣಗಿದ್ದಿಲ್ಲೆ" ಅಂದೆ, ದೇವರಿಗೆ.

ನಮ್ಮಲ್ಲಿ ಕಚೇರಿಗೆ ಮಲಯಾಳ, ಪೇಟೆಗೆ ತುಳು, ಶಾಲೆಗೆ ಕನ್ನಡ. ಮನೆಯ ಹವ್ಯಕ ಭಾಷೆಗೆ ಇದ್ದವಳು ಅವಳೊಬ್ಬಳು. ದೇವರಿಗೆ ಸಂಸ್ಕೃತವೇ ಆಗಬೇಕು ಅಂತ ಇಷ್ಟು ವರ್ಷ ಸುಮ್ನೆ ಅಂದುಕೊಂಡಿದ್ದೆ. ಅಂದಿನಿಂದ ದೀಪ ಹಚ್ಚಿ ಹತ್ತು ನಿಮಿಷ ಹವ್ಯಕದಲ್ಲೇ ಮಾತಾಡುತ್ತೇನೆ. ಮೊಣಕಾಲು ನೋವು, ತೋಟದ ಕೊಳೆರೋಗ, ಮಗಳ ಫೋನು. ಬೈದದ್ದೂ ಉಂಟು. ದುಃಖ ಹೋಯಿತಾ ಅಂದರೆ ಇಲ್ಲ. ಆರು ಗಂಟೆ ಆಯಿತು ಅಂದರೆ ಆಗುತ್ತಿದ್ದ ಹೆದರಿಕೆ ಈಗ ಕಡಿಮೆ.

1992ರ ಮಧೂರು ಮೂಡಪ್ಪ ಸೇವೆಗೆ ನಾವಿಬ್ಬರೂ ಹೋಗಿದ್ದೆವು. ಗಣಪತಿಯನ್ನು ಅಪ್ಪದಿಂದಲೇ ಮುಚ್ಚುವ ಸೇವೆ ಅದು. ಮತ್ತೆ ನಡೆದದ್ದು 33 ವರ್ಷದ ಮೇಲೆ, 2025ರಲ್ಲಿ. ಆ ಗೌಜಿಗೆ ನಾನು ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಒಂದು ದಿನ ಬಸ್ಸು ಹತ್ತಿ ಹೋಗಿ ಹರಕೆ ತೀರಿಸಿದೆ. ಯಾಕೆ ಅಂತ ಕೇಳಿದರೆ, ಹೇಳಿದ್ದೆ, ಕೊಟ್ಟೆ, ಅಷ್ಟೇ.

ಮನೆಗೆ ಬಂದು ಅಭ್ಯಾಸಬಲದಿಂದ ಅಪ್ಪವನ್ನು ಎರಡು ಬಟ್ಟಲಿಗೆ ಹಾಕಿದೆ. ಒಂದನ್ನು ನಾನು ತಿಂದೆ. ಇನ್ನೊಂದು, ಮರುದಿನ ಅಡಿಕೆ ಸುಲಿಯಲು ಬಂದವರಿಗೆ.