ಅಂಗಡಿಯ ಕಡತ ಉಳಿಸಲು ನಾನು ಆರಿಸಿದ ಡಿಸ್ಕ್

ದಾವಣಗೆರೆಯ ನಮ್ಮ ದಲಾಲಿ ಅಂಗಡಿಯ ಕಿರ್ದಿ, ಖಾತೆ ಪುಸ್ತಕ, ಕ್ರಯಪತ್ರ, ವಿಭಾಗಪತ್ರ, ಮನೆಯ ಫೋಟೊ ಎಲ್ಲ ಸೇರಿ ಅರವತ್ತು ಜಿಬಿ ಹತ್ತಿರ ಆಯಿತು. ಸ್ಕ್ಯಾನ್ ಮಾಡೋದು ನಿಮಗೆ ಗೊತ್ತಿರೋದೇ, ಅದು ಬಿಡಿ. ಎಲ್ಲಿಡೋದು ಅನ್ನೋದಕ್ಕೇ ವರ್ಷಗಳು ಹಿಡಿದವು. “ಡಿಸ್ಕಿನ ಕಾಲ ಮುಗೀತು ಮಾವ, ಕ್ಲೌಡಿಗೆ ಹಾಕಿ ಸುಮ್ನಿರಿ” ಅಂತ ಅಕ್ಕನ ಮಗ ಹೇಳುತ್ತಲೇ ಇದ್ದ. ಎರಡು ವರ್ಷ ಮುಟ್ಟದ ಗೂಗಲ್ ಖಾತೆಯನ್ನು ಅಳಿಸಬಹುದು ಅನ್ನೋ ನಿಯಮ 2023ರಲ್ಲೇ ಬಂದಿದೆ. ನಾನು ಹೋದ ಮೇಲೆ ಪಾಸ್‌ವರ್ಡ್ ಹುಡುಕೋರು ಯಾರು?

ಮೊದಲು ಹೋದದ್ದು ಸಿಡಿಗಳು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸೂಜಿಮೊನೆಯಷ್ಟು ಚುಕ್ಕೆಗಳಿಂದ ಬೆಳಕು ತೂರಿ ಬರುತ್ತಿತ್ತು, ಹೊರ ಅಂಚಿನಲ್ಲಿ ಬಣ್ಣ ಮಾಸಿತ್ತು. ಸಿಡಿ ಒಳಗಿನಿಂದ ಹೊರಕ್ಕೆ ಬರೆಯುತ್ತಾ ಹೋಗುತ್ತದಲ್ಲ, ಕೊನೆಗೆ ಹಾಕಿದ ಅಪ್ಪನ ಮದುವೆ ಫೋಟೊಗಳೇ ಮೊದಲು ಹೋದವು. ಮೇಲೆ ಯಾರೋ ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದಿದ್ದರು. ಸಿಡಿಯಲ್ಲಿ ಮಾಹಿತಿಯ ಪದರ ಇರೋದು ಲೇಬಲ್ಲಿನ ಕೆಳಗೇ, ಒತ್ತಿದರೆ ಪೆಟ್ಟು ಅದಕ್ಕೇ.

ಚಿತ್ರದುರ್ಗದ ಮನೆಯ ಬೀರುವಿನಲ್ಲಿದ್ದ ಪೆನ್‌ಡ್ರೈವ್ ಕರೆಂಟ್ ಕಾಣದೆ ವರ್ಷಗಟ್ಟಲೆ ಬಿದ್ದಿತ್ತು. ಚಾರ್ಜ್ ಸೋರಿ, ಅರ್ಧ ಫೈಲು ತೆರೆಯಲೇ ಇಲ್ಲ. ಇನ್ನೊಂದು ಹಾರ್ಡ್‌ಡಿಸ್ಕ್ ತಿರುಗುವುದನ್ನೇ ನಿಲ್ಲಿಸಿತು. ರಿಕವರಿಗೆ ಹದಿನೈದು ಸಾವಿರದ ಆಸುಪಾಸು ಕೊಟ್ಟೆ, ಬಂದದ್ದು ಅರ್ಧ. ಟೇಪ್ ಮೂವತ್ತು ವರ್ಷ ಬಾಳುತ್ತದೆ ನಿಜ, ಆದರೆ ಅದನ್ನು ಬರೆದು ಓದುವ ಹೊಸ ಎಲ್‌ಟಿಒ ಡ್ರೈವಿಗೆ ಲಕ್ಷಗಟ್ಟಲೆ ಬೇಕು. ಅರವತ್ತು ಜಿಬಿಗೆ ಅದು ದಂಡ.

ಕೊನೆಗೆ ನಿಂತದ್ದು ಎಂ-ಡಿಸ್ಕ್, ಬಹುಕಾಲ ಉಳಿಯಲೆಂದೇ ಮಾಡಿದ ಡಿವಿಡಿ, ಬ್ಲೂರೇ ಥರದ ಡಿಸ್ಕ್. ಸಾಮಾನ್ಯ ಡಿವಿಡಿಯಲ್ಲಿ ಬರೆಯುವ ಪದರ ಸಾವಯವ ಬಣ್ಣ, ಬಿಸಿಲು ಸೆಕೆಗೆ ಮಾಸುತ್ತದೆ. ಇದರಲ್ಲಿ ನಿರವಯವ ಪದರ. ಸಾವಿರ ವರ್ಷ ಅನ್ನೋದು ಕಂಪನಿಯ ಮಾತು. ಆ ಮಿಲೆನಿಯಾಟಾ ಕಂಪನಿಯೇ 2016ರಲ್ಲಿ ದಿವಾಳಿಯಾಯಿತು. ಹಾಗಾಗಿ ನಾನೇ ಪರೀಕ್ಷೆ ಮಾಡಿದೆ. ಏಪ್ರಿಲ್ ಬಿಸಿಲಿಗೆ ತಾರಸಿಯ ಮೇಲೆ ಒಂದು ಮಾಮೂಲಿ ಡಿವಿಡಿ, ಒಂದು 25 ಜಿಬಿಯ ಎಂ-ಡಿಸ್ಕ್ ಬ್ಲೂರೇ ಇಟ್ಟೆ. ಕೆಲವು ವಾರಗಳಲ್ಲಿ ಡಿವಿಡಿ ಓದೋದು ನಿಂತಿತು, ಎಂ-ಡಿಸ್ಕಿನ ಚೆಕ್‌ಸಮ್ (ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ ಗುರುತಿನ ಅಕ್ಷರಸಾಲು, ಫೈಲು ಕೆಟ್ಟರೆ ಬದಲಾಗುತ್ತದೆ) ಒಂದಕ್ಷರ ಬದಲಾಗಲಿಲ್ಲ. ಅಕ್ಕನ ಮಗನೇ ಕೂತು ಲೆಕ್ಕ ಹಾಕಿ ನೋಡಿದ, ಆಮೇಲೆ ಮಾತಾಡಲಿಲ್ಲ.

ಒಂದೊಂದು ಡಿಸ್ಕಿಗೆ ಐನೂರರ ಮೇಲೆ ಬಿತ್ತು, ಬರೆಯುವ ಡ್ರೈವಿಗೆ ಎಂಟೊಂಬತ್ತು ಸಾವಿರ. ಡಿಸ್ಕ್ ತುಂಬಿಸೋದಿಲ್ಲ, ಹೊರ ಅಂಚು ಖಾಲಿ ಬಿಟ್ಟು, ಸ್ವಲ್ಪ ಭಾಗ ಕೆಟ್ಟರೂ ಸರಿಪಡಿಸಿಕೊಡುವ ಪಾರ್2 ಫೈಲನ್ನು ಶೇಕಡ ಹದಿನೈದರಷ್ಟು ಹಾಕುತ್ತೇನೆ. ಒಂದು ಪ್ರತಿ ದಾವಣಗೆರೆಯಲ್ಲಿ, ಒಂದು ದುರ್ಗದಲ್ಲಿ, ಜೊತೆಗೆ ಒಂದು ಹಾರ್ಡ್‌ಡಿಸ್ಕ್.

ಫೋಲ್ಡರಿನ ಹೆಸರಿನಲ್ಲಿ ಪತ್ರದಲ್ಲಿದ್ದ ಊರು, ಜಿಲ್ಲೆಯನ್ನೇ ಇಡಿ. 1997ಕ್ಕೆ ಮುಂಚಿನ ದಸ್ತಾವೇಜಿನಲ್ಲಿ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ತಾಲೂಕು. ಈಗಿನ ಜಿಲ್ಲೆ ಹಾಕಿದರೆ ನಾಳೆ ಮಕ್ಕಳು ಹುಡುಕಿದಾಗ ಸಿಗೋದಿಲ್ಲ.

ನಡುವೆ ಕಾಗದದ ಮೇಲೂ ಒಂದು ಕೈ ನೋಡಿದೆ. ಒಂದು ಕ್ಯೂಆರ್‌ನಲ್ಲಿ ಹೆಚ್ಚೆಂದರೆ 2,953 ಬೈಟ್ ಹಿಡಿಯುತ್ತದೆ, ಫೋಟೊಗೆ ಸಾಲದು. ಆದರೆ ಫೈಲಿನ ಹೆಸರು, ಚೆಕ್‌ಸಮ್ ಸೇರಿಸಿ ಮೂವತ್ತರಷ್ಟು ಸಾಲು ಒಂದಕ್ಕೆ ಹಿಡಿದವು. ಆ ಹಾಳೆಗಳನ್ನು ಲೇಸರ್ ಪ್ರಿಂಟ್ ಮಾಡಿ ಡಿಸ್ಕಿನ ಡಬ್ಬಿಗೇ ಹಾಕಿದ್ದೇನೆ.

ದೀಪಾವಳಿಗೆ ಅಂಗಡಿಯಲ್ಲಿ ಲೆಕ್ಕದ ಪುಸ್ತಕದ ಪೂಜೆ ಮುಗಿಸಿ ಎಲ್ಲ ಡಿಸ್ಕನ್ನೂ ಓದಿಸಿ ಚೆಕ್‌ಸಮ್ ತಾಳೆ ನೋಡುತ್ತೇನೆ. ಇದುವರೆಗೆ ಒಂದೂ ತಪ್ಪಿಲ್ಲ. ಈಗಿನ ಚಿಂತೆ ಮುಂದೆ ಡ್ರೈವ್, ಖಾಲಿ ಡಿಸ್ಕ್ ಸಿಗುತ್ತವೋ ಇಲ್ಲವೋ ಅನ್ನೋದು. ಬರೆಯುವ ಬ್ಲೂರೇ ಡಿಸ್ಕ್ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಗೆ ನಿಲ್ಲಿಸಿತು. ಇನ್ನೊಂದು ಡ್ರೈವ್, ಒಂದಿಷ್ಟು ಖಾಲಿ ಡಿಸ್ಕ್ ಕೊಂಡು ಪ್ಯಾಕ್ ಒಡೆಯದೆ ಇಟ್ಟಿದ್ದೇನೆ. ನೀವೂ ಈ ದಾರಿ ಹಿಡಿಯುವುದಾದರೆ ಡ್ರೈವ್ ಎರಡು ತೆಗೆದುಕೊಳ್ಳಿ, ತಡ ಮಾಡಬೇಡಿ.