ಹಿತ್ತಲ ನಾಟಿ ಕೋಳಿ: ಮೊದಲು ನೆಲ ಒಣಗಲಿ, ಮದ್ದು ಆಮೇಲೆ

ಮಂಡ್ಯದ ನಾಲೆ ಬಯಲಿನಲ್ಲಿ ನಾಟಿ ಕೋಳಿಗೆ ಬರುವ ಕಾಯಿಲೆಗಳಲ್ಲಿ ಹೆಚ್ಚಿನವು ತೇವದಿಂದ ಶುರುವಾಗುತ್ತವೆ. ಕೆಆರ್‌ಎಸ್‌ನಿಂದ ನೀರು ಬಿಟ್ಟು ಭತ್ತದ ನಾಟಿ ಮುಗಿಯುವ ಹೊತ್ತಿಗೆ ಗದ್ದೆ ಪಕ್ಕದ ಹಿತ್ತಲೂ ಒಳಗೊಳಗೇ ಒಸರುತ್ತಿರುತ್ತದೆ. ಆಗಲೇ ಮರಿಗಳಿಗೆ ರಕ್ತಭೇದಿ, ದೊಡ್ಡವಕ್ಕೆ ಸಿಡುಬು, ಗೂಡಿನ ಸಂದಿಯಲ್ಲಿ ನುಸಿ. ಬೇವು, ಅರಿಶಿನ, ಲಕ್ಕಿ ಸೊಪ್ಪು ಎಲ್ಲವನ್ನೂ ನಾನು ಬಳಸುತ್ತೇನೆ. ಆದರೆ ಒದ್ದೆ ಗೂಡಿನಲ್ಲಿ ಮಲಗುವ ಕೋಳಿಗೆ ಇವು ಯಾವುವೂ ಹತ್ತುವುದಿಲ್ಲ. ಅದಕ್ಕೇ ಗೂಡಿನ ಮಾತು ಮೊದಲು.

ಹತ್ತು ಯಾಟೆಗೆ, ಅಂದರೆ ಹೆಣ್ಣು ಕೋಳಿಗೆ, ಒಂದು ಹುಂಜ, ಮನೆ ಹಿತ್ತಲಿಗೆ ಇಷ್ಟು ಸಾಕು. ಹನ್ನೊಂದು ಕೋಳಿಗೆ 6 ಅಡಿ ಉದ್ದ, 4 ಅಡಿ ಅಗಲದ ಗೂಡು ಕಟ್ಟಿದರೆ ಒಂದಕ್ಕೆ 2 ಚದರ ಅಡಿ ಸಿಗುತ್ತದೆ. ಹಗಲೆಲ್ಲ ಹೊರಗೆ ಮೇಯುವ ಕೋಳಿಗೆ ರಾತ್ರಿ ಮಲಗಲು ಇದು ಧಾರಾಳ. ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ, ಬೆಳಗಿನ ಬಿಸಿಲೂ ಇಳಿಬಿಸಿಲೂ ಕಿರಿದಾದ ಬದಿಗೆ ಮಾತ್ರ ಬೀಳುತ್ತವೆ. ಕಲ್ಲುಕೂಚಗಳ ಮೇಲೆ ನೆಲದಿಂದ 2 ಅಡಿ ಎತ್ತರಿಸಿ, ತಳಕ್ಕೆ ಹಲಗೆ ಹಾಸಿ. ಕೆಳಗೆ ಗಾಳಿ ಆಡಿದರೆ ತಳ ಒಣಗಿರುತ್ತದೆ, ಹೆಗ್ಗಣ ಕೊರೆಯುವುದೂ ತಪ್ಪುತ್ತದೆ. ಮಾಡು ಎಲ್ಲ ಕಡೆ ಒಂದೂವರೆ ಅಡಿ ಹೊರಚಾಚಿರಬೇಕು, ಇಲ್ಲದಿದ್ದರೆ ಇರಚಲು ನೇರ ಒಳಗೆ. ತಗಡಿನ ಮಾಡಾದರೆ ಬೇಸಿಗೆಯಲ್ಲಿ ಮೇಲೆ ತೆಂಗಿನ ಗರಿ ಹೊದಿಸಿ.

ಜಾಲರಿಯಲ್ಲಿ ಜಿಪುಣತನ ಬೇಡ. ಆರು ಮೂಲೆಯ ತೆಳು ತಂತಿಯ ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ಮುಂಗುಸಿ, ಕಾಡುಬೆಕ್ಕು ಒಳಗೆ ಬರುವುದನ್ನು ತಡೆಯುವುದಿಲ್ಲ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿಯೇ ಬೇಕು, ಕೇರೆಹಾವೂ ತೂರುವುದಿಲ್ಲ. ಕೋಳಿ ಕೂರಲು ಒಂದೂವರೆ ಇಂಚು ದಪ್ಪದ ಬಿದಿರು ಗಳು ಎರಡು, ತಲಾ 6 ಅಡಿ ಉದ್ದ. ಒಂದು ಕೋಳಿಗೆ 8 ಇಂಚು ಲೆಕ್ಕ. ಗಳುಗಳನ್ನು ಮೊಳೆ ಹೊಡೆದು ಬಿಗಿಯಬೇಡಿ. ಕಚ್ಚು ಮಾಡಿ ಕೂರಿಸಿ, ಬೇಕಾದಾಗ ಎತ್ತುವಂತಿರಲಿ. ಕಾರಣ ನುಸಿಯ ಮಾತು ಬಂದಾಗ ಹೇಳುತ್ತೇನೆ.

ಹಾಸಿಗೆಗೆ ಅಕ್ಕಿ ಗಿರಣಿಯ ಭತ್ತದ ಹೊಟ್ಟನ್ನು ಮೀರಿಸಿದ್ದು ಇಲ್ಲ. 3 ರಿಂದ 4 ಇಂಚು ದಪ್ಪಕ್ಕೆ ಹರಡಿ. ಕಬ್ಬಿನ ತರಗು ನಮ್ಮಲ್ಲಿ ಬಿಟ್ಟಿ ಸಿಗುತ್ತದೆ ನಿಜ, ಆದರೆ ಹಾಗೇ ಉದ್ದುದ್ದ ಹಾಕಿದರೆ ಹಿಕ್ಕೆ ಮೇಲೆ ಚಪ್ಪಟೆಯಾಗಿ ಕೂತು ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಎರಡು ಇಂಚಿಗೆ ಕತ್ತರಿಸಿ, ಅರ್ಧ ಹೊಟ್ಟಿನ ಜೊತೆ ಬೆರೆಸಿದರೆ ಪರವಾಗಿಲ್ಲ. ಎರಡು ದಿನಕ್ಕೊಮ್ಮೆ ಕೆದಕಿ. ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ಬಿಡಿ: ಉದುರಿದರೆ ಸರಿ, ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ. ಆ ಭಾಗ ತೆಗೆದು ತಿಪ್ಪೆಗೆ ಹಾಕಿ, ಒಣ ಹೊಟ್ಟು ಮತ್ತು ಒಂದೆರಡು ಹಿಡಿ ಸುಣ್ಣದ ಪುಡಿ ಬೆರೆಸಿ ತುಂಬಿ. ಮೂಗನ್ನು ಹಾಸಿಗೆಯ ಮಟ್ಟಕ್ಕೆ ತಂದಾಗ ಕಣ್ಣು ಉರಿದರೆ ಅದು ಅಮೋನಿಯಾ. ನಮಗೆ ನಿಂತಾಗ ವಾಸನೆ ಬರದಿದ್ದರೂ ಕೋಳಿ ರಾತ್ರಿಯಿಡೀ ಆ ಮಟ್ಟದಲ್ಲೇ ಉಸಿರಾಡುತ್ತದೆ. ಗೊರಗೊರ, ಕಣ್ಣಲ್ಲಿ ನೀರು ಶುರುವಾಗುವುದು ಇಲ್ಲಿಂದ. ನೀರಿನ ತಟ್ಟೆಯನ್ನು ಇಟ್ಟಿಗೆ ಮೇಲೆ, ಕೋಳಿಯ ಬೆನ್ನಿನ ಮಟ್ಟಕ್ಕೆ ಇಟ್ಟರೆ ಚೆಲ್ಲುವುದೂ ಹಿಕ್ಕೆ ಬೀಳುವುದೂ ಎರಡೂ ನಿಲ್ಲುತ್ತವೆ.

ಮರಿ ಮಾಡಿಸಲು ನಾಟಿ ಯಾಟೆಯೇ ಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜ, ಸ್ವರ್ಣಧಾರಾ ತಳಿಗಳು ಮೈಗೂ ಮೊಟ್ಟೆಗೂ ಒಳ್ಳೆಯವೇ, ಆದರೆ ಕಾವಿಗೆ ಕೂರುವುದನ್ನು ಅವುಗಳಿಂದ ನಿರೀಕ್ಷಿಸಬೇಡಿ. ಕಾವಿಗೆ ಇಡುವ ಮೊಟ್ಟೆ ವಾರದೊಳಗಿನದಾಗಿರಲಿ, ಬೇಸಿಗೆಯಲ್ಲಾದರೆ ನಾಲ್ಕೈದು ದಿನ ಮೀರದಿರಲಿ. ಒದ್ದೆ ಮರಳಿನ ಮೇಲೆ ಕೂರಿಸಿದ ಮಡಕೆಯಲ್ಲಿ, ಚೂಪು ತುದಿ ಕೆಳಗಾಗಿ ಇಟ್ಟರೆ ತಂಪಾಗಿರುತ್ತವೆ. ತೊಳೆಯಲೇಬಾರದು, ಚಿಪ್ಪಿನ ಮೇಲಿನ ಪೊರೆ ಹೋದರೆ ಕೊಳೆ ಒಳಗಿಳಿಯುತ್ತದೆ. ಮಂಕರಿಗೆ ಬೂದಿ, ಅದರ ಮೇಲೆ ಲಕ್ಕಿ ಸೊಪ್ಪು, ಮೇಲೆ ಭತ್ತದ ಹುಲ್ಲು ಹಾಸಿ 10 ರಿಂದ 12 ಮೊಟ್ಟೆ ಇಡಿ. ಅದಕ್ಕಿಂತ ಹೆಚ್ಚಾದರೆ ಅಂಚಿನವು ತಣ್ಣಗಾಗುತ್ತವೆ. ಯಾಟೆಯನ್ನು ಸಂಜೆ ಕತ್ತಲಾದ ಮೇಲೆ ಕೂರಿಸಿ, ಹಗಲಲ್ಲಿ ಕೂರಿಸಿದರೆ ಎದ್ದು ಹೋಗುವುದೇ ಹೆಚ್ಚು. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಮಂಕರಿಗೆ ಇದ್ದಿಲು, ಕಬ್ಬಿಣದ ಚೂರು ಹಾಕುವ ವಾಡಿಕೆ ಇದೆ. ಹಾಕಿದರೆ ನಷ್ಟವಿಲ್ಲ, ಆದರೆ ಮೊಟ್ಟೆ ಕೆಡಲು ಸಾಮಾನ್ಯ ಕಾರಣ ಹೇನು: ಕಾವಿಗೆ ಕೂತದ್ದು ಮಣ್ಣಿನ ಸ್ನಾನ ಬಿಡುವುದರಿಂದ ಹೇನು ಏರಿ, ಕಡಿತ ತಾಳಲಾರದೆ ಪದೇ ಪದೇ ಏಳುತ್ತದೆ. ಕೂರಿಸುವ ಮುಂಚೆಯೇ ಹೇನು ತೆಗೆದಿರಬೇಕು.

ಏಳನೇ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ತೂತು ಮಾಡಿದ ರಟ್ಟು ಇಟ್ಟು, ಮೊಟ್ಟೆಯ ದಪ್ಪ ತುದಿಯನ್ನು ಒತ್ತಿ ನೋಡಿ. ಜೇಡದಂತೆ ಕೆಂಪು ನರ ಹರಡಿದ್ದರೆ ಮರಿ ಇದೆ. ನರವಿಲ್ಲದೆ ತಿಳಿಯಾಗಿದ್ದರೆ ಹುಂಜ ಸೇರದ ಮೊಟ್ಟೆ, ತೆಗೆದುಬಿಡಿ. ನರ ಒಡೆದು ಕೆಂಪು ಉಂಗುರವಾಗಿದ್ದರೆ ಮರಿ ಸತ್ತಿದೆ. ಬಿಟ್ಟರೆ ಕೊಳೆತು ಒಡೆದು ಉಳಿದವನ್ನೂ ಕೆಡಿಸುತ್ತದೆ. 21ನೇ ದಿನ ಮರಿ ಒಡೆಯುತ್ತವೆ. ಪ್ರತಿ ಸಲವೂ ತಿಳಿ ಮೊಟ್ಟೆ ಜಾಸ್ತಿ ಬಂದರೆ ಹುಂಜಕ್ಕೆ ವಯಸ್ಸಾಗಿರಬಹುದು. ನರ ಕಟ್ಟಿಯೂ ಮರಿ ಒಳಗೇ ಸಾಯುತ್ತಿದ್ದರೆ ಅದೇ ಹುಂಜ ತನ್ನ ಮಕ್ಕಳ ಮೇಲೇ ಬೀಳುತ್ತಿದೆಯೇ ಎಂದು ಯೋಚಿಸಿ. ವರ್ಷಕ್ಕೊಮ್ಮೆ ಬೇರೆ ಊರಿನ ಹುಂಜ ತನ್ನಿ.

ಹ್ಯಾಚರಿ ಮರಿ ತಂದವರಿಗೆ ಒಂದು ಮಾತು: ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. 50 ಮರಿಗೆ 100 ವ್ಯಾಟಿನ ಹಳೇ ಬುರುಡೆ ಬಲ್ಬನ್ನು ಒಂದೂವರೆ ಅಡಿ ಎತ್ತರಕ್ಕೆ ಕಟ್ಟಿ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತ ಹೋಗಿ. ಮಾಪಕ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ: ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ಮೂಲೆಗೆ ಹೋಗಿ ಬಾಯಿ ತೆರೆದರೆ ಸೆಖೆ. ಮೊದಲ ಮೂರು ದಿನ ಹೊಟ್ಟಿನ ಮೇಲೆ ಪೇಪರು ಹಾಸಿ, ಇಲ್ಲದಿದ್ದರೆ ಹೊಟ್ಟನ್ನೇ ತಿನ್ನುತ್ತವೆ. ಬಂದ ದಿನ ಲೀಟರ್ ನೀರಿಗೆ 20 ಗ್ರಾಂ ಬೆಲ್ಲ ಕರಗಿಸಿ ಕೊಡಿ, ನಾಲ್ಕೈದು ಗಂಟೆ ಕಳೆದ ಮೇಲೆ ಉಳಿದದ್ದು ಚೆಲ್ಲಿ ತಟ್ಟೆ ತೊಳೆಯಿರಿ. ಹುಳಿ ಬಂದ ಬೆಲ್ಲದ ನೀರು ಭೇದಿ ಹಿಡಿಸುತ್ತದೆ.

ಮೇವಿನಲ್ಲಿ ಕೊರತೆ ಬೀಳುವುದು ಯಾವಾಗಲೂ ಪ್ರೋಟೀನಿನದು. ಬರೀ ಅಕ್ಕಿ ನುಚ್ಚು ಹಾಕಿದರೆ ಕೋಳಿ ಕೊಬ್ಬುತ್ತದೆ, ಮೊಟ್ಟೆ ನಿಲ್ಲುತ್ತದೆ. ದೊಡ್ಡ ಕೋಳಿಗಳಿಗೆ 10 ಕಿಲೋ ಮಿಶ್ರಣಕ್ಕೆ ನನ್ನ ಅಳತೆ: ಮುಸುಕಿನ ಜೋಳದ ನುಚ್ಚು 4 ಕಿಲೋ, ರಾಗಿ ಒಂದೂವರೆ, ಅಕ್ಕಿ ನುಚ್ಚು 1, ತೌಡು ಒಂದೂವರೆ, ಕಡಲೆಕಾಯಿ ಹಿಂಡಿ ಒಂದು ಮುಕ್ಕಾಲು, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 30 ಗ್ರಾಂ. ಹೊರಗೆ ಮೇಯುವ ಕೋಳಿಗೆ ದಿನಕ್ಕೆ 50 ಗ್ರಾಂ ಸಾಕು, ಅರ್ಧ ಬೆಳಗ್ಗೆ, ಅರ್ಧ ಗೂಡಿಗೆ ಕರೆಯುವ ಹೊತ್ತಿಗೆ. ಹಿಂಡಿಯನ್ನು ಮುರಿದು ಒಳಗೆ ನೋಡಿ: ಹಸಿರು, ಕಪ್ಪು ಬೂಷ್ಟು ಕಂಡರೆ ತಿಪ್ಪೆಗೆ. ಅದರ ವಿಷ ಈರಲನ್ನು ತಿನ್ನುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುವುದರಿಂದ ಮೊಟ್ಟೆ ಚಿಪ್ಪನ್ನು ಹುರಿದು, ಗುರುತು ಸಿಗದಷ್ಟು ಪುಡಿ ಮಾಡಿ, ಬೇರೆ ಬಟ್ಟಲಲ್ಲಿ ಇಡಿ. ದೊಡ್ಡ ಚೂರು ಹಾಕಿದರೆ ಮೊಟ್ಟೆ ಒಡೆದು ತಿನ್ನುವ ಚಟ ಹತ್ತುತ್ತದೆ. ಮರಿಗಳಿಗೆ ಮೊದಲ ಆರು ವಾರ ಅಂಗಡಿಯ ಮರಿ ಮೇವನ್ನೇ ಕೊಡುತ್ತೇನೆ, ಅದರಲ್ಲಿರುವಷ್ಟು ಪ್ರೋಟೀನು ಮನೆ ಮಿಶ್ರಣದಲ್ಲಿ ತರುವುದು ಕಷ್ಟ.

ಅದರ ಜೊತೆಗೆ ಗೆದ್ದಲು. ಹಳೆ ಮಡಕೆಗೆ ಹರಿದ ಗೋಣಿಚೀಲ, ತೆಂಗಿನ ನಾರು, ಒಣಗಿದ ಸಗಣಿ ತುರುಕಿ, ನೀರು ಚಿಮುಕಿಸಿ, ಸಂಜೆ ಹುತ್ತದ ಹತ್ತಿರ ಗೆದ್ದಲು ಓಡಾಡುವ ಜಾಗದಲ್ಲಿ ಬೋರಲು ಹಾಕಿ. ಬಾಯಿ ನೆಲಕ್ಕೆ ಅಂಟುವಂತೆ ಸುತ್ತ ಮಣ್ಣು ಒತ್ತಿ. ಬೆಳಗ್ಗೆ ಬಿಸಿಲೇರುವ ಮುಂಚೆ ಮಡಕೆ ಎತ್ತಿ ಮರಿಗಳ ಮುಂದೆ ಕೊಡವಿದರೆ ಬಿಳಿ ಗೆದ್ದಲು ಅಕ್ಕಿ ಸುರಿದಂತೆ ಬೀಳುತ್ತದೆ. ತಡವಾದರೆ ಗೆದ್ದಲು ಮಣ್ಣಿಗೆ ಇಳಿದು ಮಡಕೆ ಖಾಲಿ. ಮಡಕೆ ಒಣಗಿದ್ದರೂ ಹತ್ತುವುದಿಲ್ಲ. ಗೆದ್ದಲಿಗೆ ಔಷಧಿ ಹೊಡೆದ ತೋಟದಲ್ಲಿ ಮಾತ್ರ ಈ ಕೆಲಸ ಬೇಡ.

ಹೇನಿಗೂ ನುಸಿಗೂ ಮದ್ದು ಬೇರೆ ಬೇರೆ, ಇದು ತಿಳಿಯದೆ ಎಷ್ಟೋ ಬೇವಿನೆಣ್ಣೆ ವ್ಯರ್ಥವಾಗುತ್ತದೆ. ಹೇನು ಕೋಳಿಯ ಮೈಮೇಲೇ ಇರುತ್ತದೆ. ಬಾಲದ ಕೆಳಗಿನ ಪುಕ್ಕ ಸರಿಸಿದರೆ ಓಡುವುದು ಕಾಣುತ್ತದೆ, ಪುಕ್ಕದ ಬುಡದಲ್ಲಿ ಸೀರು ಗಂಟುಗಟ್ಟಿರುತ್ತದೆ. ಇದಕ್ಕೆ ಹಳೆ ಟಯರಿನೊಳಗೆ ಜರಡಿ ಹಿಡಿದ ಸೌದೆ ಬೂದಿ ಎರಡು ಪಾಲು, ನುಣ್ಣನೆ ಮಣ್ಣು ಎರಡು ಪಾಲು, ಒಣಗಿಸಿ ಪುಡಿ ಮಾಡಿದ ಬೇವಿನ ಸೊಪ್ಪು ಅರ್ಧ ಪಾಲು ತುಂಬಿ, ಮಳೆ ಬೀಳದ ಕಡೆ ಇಡಿ. ಕೋಳಿ ತಾನೇ ಹೊರಳಾಡುತ್ತದೆ. ಹೇನು ಹೆಚ್ಚಿದ್ದರೆ ಅದೇ ಪುಡಿಯನ್ನು ರೆಕ್ಕೆಯಡಿ, ಬಾಲದ ಬುಡಕ್ಕೆ ಉಜ್ಜಿ, ಹತ್ತು ದಿನ ಬಿಟ್ಟು ಮತ್ತೆ ಉಜ್ಜಿ. ಸೀರಿಗೆ ಪುಡಿ ತಾಗುವುದಿಲ್ಲ, ಅದು ಒಡೆದು ಬಂದ ಮೇಲೆ ಎರಡನೇ ಸಲದ್ದೇ ಕೆಲಸ ಮಾಡುವುದು. ಸೀತಾಫಲದ ಬೀಜದ ಪುಡಿ ಇನ್ನೂ ಚುರುಕು, ಆದರೆ ಕಣ್ಣಿಗೆ ಬಿದ್ದರೆ ಕೋಳಿಗೂ ನಮಗೂ ಅಪಾಯ. ಮಕ್ಕಳಿರುವ ಮನೆಯಲ್ಲಿ ಅದನ್ನು ಇಡಬೇಡಿ.

ನುಸಿ ಹಗಲಲ್ಲಿ ಕೋಳಿಯ ಮೇಲೆ ಸಿಗುವುದಿಲ್ಲ. ಗಳುವಿನ ಕಚ್ಚಿನಲ್ಲಿ, ಹಲಗೆ ಸಂದಿಯಲ್ಲಿ ಅವಿತು ರಾತ್ರಿ ರಕ್ತ ಹೀರುತ್ತದೆ. ಜುಟ್ಟು ಬಿಳಚಿ, ಕೋಳಿ ಗೂಡಿಗೆ ಹೋಗಲು ಹಿಂಜರಿದರೆ, ರಾತ್ರಿ ಬಿಳಿ ಬಟ್ಟೆಯಿಂದ ಗಳುವಿನ ತಳ ಒರೆಸಿ ನೋಡಿ. ರಕ್ತದ ಗೆರೆ ಬಿದ್ದರೆ ನುಸಿಯೇ. ಗಳು ಬಿಚ್ಚಿ ಕುದಿಯುವ ನೀರು ಹೊಯ್ದು ಬಿಸಿಲಿಗಿಡಿ, ಸಂದಿಗಳಿಗೆ ಬೇವಿನೆಣ್ಣೆ ದ್ರಾವಣ ಸಿಂಪಡಿಸಿ, ಒಣಗಿದ ಮೇಲೆ ಸುಣ್ಣ ಬಳಿಯಿರಿ. ದ್ರಾವಣಕ್ಕೆ 20 ಮಿಲಿ ಬೇವಿನೆಣ್ಣೆಗೆ ಮೊದಲು ಒಂದು ಚಮಚ ಸೋಪಿನ ದ್ರವ ಬೆರೆಸಿ, ಆಮೇಲೆ ಲೀಟರ್ ಉಗುರುಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಕಿ. ಎಣ್ಣೆಯನ್ನು ನೇರ ನೀರಿಗೆ ಸುರಿದರೆ ಮೇಲೆ ತೇಲಿ, ಪಂಪಿನಲ್ಲಿ ಬರುವುದು ಬರೀ ನೀರು. ವಾರಕ್ಕೊಮ್ಮೆಯಂತೆ ಮೂರು ಸಲ.

ಇನ್ನು ಕಾಯಿಲೆ. ಮೂರರಿಂದ ಆರು ವಾರದ ಮರಿ ರೆಕ್ಕೆ ಇಳಿಬಿಟ್ಟು, ಮೈ ಮುದುಡಿ ತೂಕಡಿಸಿ, ಹಿಕ್ಕೆಯಲ್ಲಿ ರಕ್ತ ಬಂದರೆ ರಕ್ತಭೇದಿ. ಮಜ್ಜಿಗೆ, ಅರಿಶಿನ ಕೊಡುವವರಿದ್ದಾರೆ, ನಾನೂ ಮರಿ ಗೆಲುವಾಗಿರುವಾಗ ಕೊಡುತ್ತೇನೆ. ರಕ್ತ ಕಂಡ ಮೇಲೆ ಮಾತ್ರ ಮನೆಮದ್ದಿಗೆ ಕಾಯುವುದು ಮರಿಗಳನ್ನು ಕೊಂದಂತೆ. ಪಶುವೈದ್ಯರನ್ನು ಕೇಳಿ ಆಂಪ್ರೋಲಿಯಂ ಪುಡಿಯನ್ನು ಅವರು ಹೇಳಿದ ಅಳತೆಯಲ್ಲಿ ನೀರಿಗೆ ಹಾಕಿ. ಅದು ಕೊಡುವ ದಿನಗಳಲ್ಲಿ ಬಿ ವಿಟಮಿನ್ ಟಾನಿಕ್ ನಿಲ್ಲಿಸಿ: ಈ ಔಷಧಿ ಕೆಲಸ ಮಾಡುವುದೇ ರೋಗಾಣುವಿಗೆ ಬಿ1 ಸಿಗದಂತೆ ಮಾಡಿ, ಟಾನಿಕ್ ಕೊಟ್ಟರೆ ಪರಿಣಾಮ ತಗ್ಗುತ್ತದೆ. ಹಾಸಿಗೆ ಪೂರ್ತಿ ಬದಲಿಸಿ, ಏಕೆಂದರೆ ಹಿಕ್ಕೆಯಲ್ಲಿ ಬಿದ್ದ ರೋಗಾಣು ಬಲಿತು ಮತ್ತೆ ಅಂಟಲು ಬೇಕಾದದ್ದು ತೇವ ಮತ್ತು ಒಂದೆರಡು ದಿನ, ಅಷ್ಟೇ.

ಸಿಡುಬನ್ನು ಸೊಳ್ಳೆ ಹರಡುತ್ತದೆ, ಗದ್ದೆಯಲ್ಲಿ ನೀರು ನಿಂತ ಕಾಲದಲ್ಲೇ ಜುಟ್ಟು, ಕಣ್ಣಂಚಿನ ಮೇಲೆ ಗುಳ್ಳೆ ಏಳುತ್ತವೆ. ಇಲ್ಲಿ ಮನೆಮದ್ದು ಚೆನ್ನಾಗಿ ಒದಗುತ್ತದೆ. ಒಂದು ಹಿಡಿ ಬೇವಿನ ಸೊಪ್ಪು, ಒಂದು ಚಮಚ ಅರಿಶಿನ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ದಿನಕ್ಕೆರಡು ಸಲ ಹಚ್ಚಿ. ವೈರಸ್ ಇದರಿಂದ ಸಾಯುವುದಿಲ್ಲ, ಹುಣ್ಣು ಕೀವಾಗುವುದು, ನೊಣ ಕೂರುವುದು ತಪ್ಪುತ್ತದೆ. ಮೂರು ನಾಲ್ಕು ವಾರದಲ್ಲಿ ಹಕ್ಕಳೆ ತಾನಾಗಿ ಉದುರುತ್ತದೆ, ಕಿತ್ತರೆ ರಕ್ತ ಬಂದು ರೋಗ ಹರಡುತ್ತದೆ. ಕಣ್ಣು ಅಂಟಿಕೊಂಡಿದ್ದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು ಹಾಕಿ ತೊಳೆದು, ಮೆತ್ತಗಿನ ಮುದ್ದೆಯ ಚೂರನ್ನು ಕೊಕ್ಕಿಗೆ ಹಿಡಿಯಿರಿ. ಸಿಡುಬಿನ ಕೋಳಿ ಸಾಯುವುದು ಬಹಳ ಸಲ ಕಣ್ಣು ಕಾಣದೆ, ಹಸಿವಿನಿಂದ.

ಕೊಕ್ಕರೆ ರೋಗದ (ರಾಣಿಕೇತ್) ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು: ಲಸಿಕೆ ಬಿಟ್ಟರೆ ಬೇರೆ ದಾರಿಯಿಲ್ಲ. ಹಸಿರು ಬಿಳಿ ಭೇದಿ, ಬಾಯಿ ತೆರೆದು ಉಸಿರು, ಕತ್ತು ತಿರುಚುವುದು ಶುರುವಾದ ಮೇಲೆ ಜೀರಿಗೆ, ಮೆಣಸು, ನೆಲನೆಲ್ಲಿ ಏನು ಅರೆದು ಕೊಟ್ಟರೂ ಗೂಡೇ ಖಾಲಿಯಾಗುತ್ತದೆ. ಮರಿಗೆ 5 ರಿಂದ 7 ದಿನದೊಳಗೆ ಲಸೋಟಾ ಲಸಿಕೆ ಒಂದು ಹನಿ ಕಣ್ಣಿಗೆ ಅಥವಾ ಮೂಗಿಗೆ, ನಾಲ್ಕನೇ ವಾರ ಮತ್ತೊಮ್ಮೆ, 8 ರಿಂದ 10 ವಾರದಲ್ಲಿ ಆರ್‌2ಬಿ ಲಸಿಕೆ ಅರ್ಧ ಮಿಲಿ, ರೆಕ್ಕೆಯಡಿ ಚರ್ಮದ ಕೆಳಗೆ ಚುಚ್ಚುಮದ್ದಾಗಿ. ಸಿಡುಬಿನ ಲಸಿಕೆ 6 ರಿಂದ 7 ವಾರಕ್ಕೆ. ಒಂದು ಬುಡ್ಡಿಯಲ್ಲಿ ನೂರು ಡೋಸ್ ಇರುತ್ತದೆ, ಕಲಸಿದ ಎರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ಬೀದಿಯವರ ಮರಿಗಳನ್ನೆಲ್ಲ ಒಂದೇ ದಿನ ಸೇರಿಸಿಕೊಂಡರೆ ಖರ್ಚೂ ಹಂಚುತ್ತದೆ, ರೋಗದ ಸರಪಳಿಯೂ ತುಂಡಾಗುತ್ತದೆ. ಐಸ್ ಇಟ್ಟ ಫ್ಲಾಸ್ಕಿನಲ್ಲೇ ತನ್ನಿ. ಬಿಸಿಲಲ್ಲಿ ಜೇಬಿನಲ್ಲಿ ತಂದ ಲಸಿಕೆ ಬರೀ ನೀರಿಗೆ ಸಮ.

ರೋಗ ಊರಿಗೆ ಬರುವುದು ಬಹುಪಾಲು ಸಂತೆಯ ಕೋಳಿಯಿಂದ. ಮಾರಿಹಬ್ಬ, ಪಿತೃಪಕ್ಷ, ಯುಗಾದಿ ಮರುದಿನದ ಹೊಸತೊಡಕು, ಈ ಮೂರು ಹೊತ್ತಿನಲ್ಲಿ ನಾಟಿ ಕೋಳಿ ಊರಿಂದೂರಿಗೆ ಓಡಾಡುತ್ತದೆ. ಹಬ್ಬಕ್ಕೆ ತಂದ ಕೋಳಿಯನ್ನು ಕೊಯ್ಯುವವರೆಗೂ ಮಂಕರಿ ಅಡಿಯಲ್ಲಿ ದೂರ ಇಡಿ, ಪುಕ್ಕ ಕರುಳು ಹಿತ್ತಲಿಗೆ ಎಸೆಯದೆ ಹೂಳಿ. ಸಾಕಲು ತಂದದ್ದಾದರೆ ಮೂರು ವಾರ ಬೇರೆ ಗೂಡು, ಬೇರೆ ನೀರು. ಮಾರುವ ಲೆಕ್ಕವೂ ಈ ಹಬ್ಬಗಳಿಗೇ ಸರಿಹೊಂದಬೇಕು: ನಾಟಿ ಹುಂಜ ಕಿಲೋ ದಾಟಲು ಐದಾರು ತಿಂಗಳು ಬೇಕಾದ್ದರಿಂದ ಹೊಸತೊಡಕಿಗೆ ಬೇಕಾದ ಮರಿ ದಸರೆ ಆಸುಪಾಸಿನಲ್ಲೇ ಒಡೆದಿರಬೇಕು. ಸತ್ತ ಕೋಳಿಯನ್ನು ನಾಲೆಗೆ ಎಸೆಯುವುದು ಕೆಳಗಿನ ಊರಿಗೆ ರೋಗ ಕಳಿಸಿದಂತೆ. 3 ಅಡಿ ಗುಂಡಿ, ಮೇಲೆ ಸುಣ್ಣ.

ಗದ್ದೆ ಪಕ್ಕದವರಿಗೆ ಇನ್ನೊಂದು ಎಚ್ಚರಿಕೆ. ಭತ್ತಕ್ಕೆ ಕಾಂಡಕೊರಕದ ಗುಳಿಗೆ ಹಾಕಿದರೆ ಕೋಳಿ ಅದನ್ನು ಕಾಳೆಂದು ಹೆಕ್ಕುತ್ತದೆ, ನಾಲ್ಕಾರು ಹರಳು ಸಾಕು. ಕಬ್ಬಿನ ಗದ್ದೆಯಲ್ಲಿ ಇಲಿಪಾಷಾಣ ಇಟ್ಟಾಗಲೂ ಅಷ್ಟೇ. ಪಕ್ಕದ ಗದ್ದೆಯವರಿಗೆ ಮೊದಲೇ ಹೇಳಿಟ್ಟು, ಗುಳಿಗೆ ಹಾಕುವ ದಿನ ತಿಳಿದುಕೊಂಡು, ಆ ವಾರವಿಡೀ ಕೋಳಿಗಳನ್ನು ಗೂಡಿನ ಮುಂದೆ ಬಲೆ ಕಟ್ಟಿದ ಅಂಗಳದಲ್ಲೇ ಮೇಯಿಸಿ. ಮೇವು ಆ ವಾರ ದಿನಕ್ಕೆ 90 ರಿಂದ 100 ಗ್ರಾಂ ಬೇಕಾಗುತ್ತದೆ, ಜೊತೆಗೆ ಸಣ್ಣಗೆ ಹೆಚ್ಚಿದ ನುಗ್ಗೆ ಸೊಪ್ಪು.